ಏಳನೇ ನಂಬರಿನ ಕುರಿ

ಹೆಣ್ಣು ಕುರಿಯೊಂದು ಹದಿನಾಲ್ಕು ವಾರಗಳಲ್ಲಿ ಕೊಂಬು ಬಂದು ಟಗರಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡಾಗ ನನ್ನ ಕೈಯಲ್ಲಿ ದಪ್ಪ ಸೂಜಿಯಿತ್ತು, ಬುಟ್ಟಿಯಲ್ಲಿ ನಾಲ್ಕು ಖಾಲಿ ಬಾಟಲಿಗಳಿದ್ದವು, ನನ್ನ ಫೆಲೋಷಿಪ್ ಮುಗಿಯಲು ಹನ್ನೊಂದು ವಾರ ಉಳಿದಿತ್ತು. ಅವತ್ತು ನಾನಾಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತಾಯಿಗೆ ಇನ್ನೂ ಕಣ್ಣು ಚೆನ್ನಾಗಿದೆ, ಓದುತ್ತಾರೆ.

ಎಪ್ಪತ್ತಾರನೇ ಇಸವಿ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಮರುಳಸಿದ್ದಮ್ಮ ಎಂಬ ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ನಮ್ಮ ರಕ್ತದಲ್ಲಿ ಸಣ್ಣ, ಗುಂಡಗಿನ ಬಿಳಿ ಕಣಗಳಿರುತ್ತವೆ. ಅವುಗಳಲ್ಲಿ ಟಿ ಕಣ ಎಂಬ ಒಂದು ಜಾತಿ ಬೇರೆ, ಉಳಿದವು ಬೇರೆ. ಮಾಡುವ ಕೆಲಸ ಬೇರೆಯಾದರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ಒಂದೇ ಥರ. ಅವನ್ನು ಗುರುತಿಸಲು ಒಂದು ಉಪಾಯವಿತ್ತು. ಮನುಷ್ಯರ ಟಿ ಕಣಗಳನ್ನು ಕುರಿಗೆ ಚುಚ್ಚಿದರೆ ಕುರಿಯ ಮೈ ಇದು ಹೊರಗಿನದು ಎಂದು ತಿಳಿದು ಅದರ ವಿರುದ್ಧ ಪ್ರತಿಕಾಯವನ್ನು ತಯಾರಿಸುತ್ತದೆ. ಅದೇ ಕುರಿಗೆ ಮತ್ತೆ ಮತ್ತೆ ಚುಚ್ಚಿದರೆ ಪ್ರತಿಕಾಯ ಜೋರಾಗುತ್ತದೆ. ಆಮೇಲೆ ಆ ಕುರಿಯ ರಕ್ತ ತೆಗೆದು, ಮೇಲೆ ನಿಂತ ಸೀರಂ ಎಂಬ ತಿಳಿಯನ್ನು ಬಸಿದು ರೋಗಿಯ ರಕ್ತದ ಕಣಗಳಿಗೆ ಬೆರೆಸಿದರೆ, ಅದು ಟಿ ಕಣಗಳನ್ನು ಮಾತ್ರ ಹುಡುಕಿ ಕೊಲ್ಲುತ್ತದೆ. ಬಣ್ಣ ಹಾಕಿದಾಗ ಸತ್ತವು ನೀಲಿಯಾಗುತ್ತವೆ, ನಾವು ಎಣಿಸುತ್ತೇವೆ. ಈಗ ಇಂಥದ್ದು ಸಣ್ಣ ಸೀಸೆಯಲ್ಲಿ ತಯಾರಾಗಿಯೇ ಬರುತ್ತದೆ. ಆಗ ನಾವೇ ಮಾಡಿಕೊಳ್ಳಬೇಕಿತ್ತು. ರಕ್ತದ ಕ್ಯಾನ್ಸರ್ ಆದ ಹನ್ನೆರಡು ಮಕ್ಕಳಲ್ಲಿ ಟಿ ಕಣ ಎಷ್ಟಿವೆ ಎಂದು ಎಣಿಸುವುದು ನನ್ನ ಪ್ರಬಂಧ. ಪ್ರತಿಕಾಯ ಇಲ್ಲದಿದ್ದರೆ ಎಣಿಕೆ ಇಲ್ಲ, ಎಣಿಕೆ ಇಲ್ಲದಿದ್ದರೆ ಪದವಿ ಇಲ್ಲ, ಪದವಿ ಇಲ್ಲದಿದ್ದರೆ ಊರಲ್ಲಿ ನಮ್ಮಪ್ಪ ಮೂರು ವರ್ಷದಿಂದ ಕಾಯಿಸಿಟ್ಟಿದ್ದ ಗಂಡು.

ಸಂಸ್ಥೆಯ ಪ್ರಾಣಿಶಾಲೆಯಲ್ಲಿ ಎರಡು ಕುರಿ ಹೊಟ್ಟೆಯುಬ್ಬರಿಸಿ ಸತ್ತವು. ಇನ್ನು ಕುರಿ ತರಿಸುವುದಿಲ್ಲ ಎಂದು ಆಫೀಸಿನವರು ಕೈಯೆತ್ತಿದರು. ನಮ್ಮ ಪ್ರೊಫೆಸರ್ ನನ್ನನ್ನು ಕರೆದು, "ನಿಮ್ಮ ಚಿತ್ರದುರ್ಗದ ಕಡೆ ಮನುಷ್ಯರಿಗಿಂತ ಕುರಿ ಜಾಸ್ತಿಯಂತೆ. ಅಲ್ಲೇ ಒಂದನ್ನು ಗೊತ್ತು ಮಾಡಿಕೊಳ್ಳಿ" ಎಂದರು. ಹೇಳಿದವರಿಗೇನು, ಬಸ್ಸಿನಲ್ಲಿ ಕೂರುವವಳು ನಾನು.

ಹಿರಿಯೂರಿನಲ್ಲಿ ನಮ್ಮ ಸೋದರಮಾವ ಪಂಚಾಕ್ಷರಪ್ಪ ಮೇಷ್ಟ್ರಾಗಿದ್ದರು. ಹೊಸದುರ್ಗದ ರಸ್ತೆಯಲ್ಲಿ ಒಂದು ಗೊಲ್ಲರ ಹಟ್ಟಿ ಇತ್ತು. ಅಲ್ಲಿಯ ಹಿರಿಯ ಕಾಟಲಿಂಗಪ್ಪನ ಪರಿಚಯ ಮಾವನಿಗಿತ್ತು. ಅಕ್ಟೋಬರ್ ಮೊದಲ ಭಾನುವಾರ ಮಾವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಮುಳ್ಳುಬೇಲಿಯ ಹೊರಗೆ ಚಪ್ಪಲಿ ಬಿಡಬೇಕು, ಅದು ಹಟ್ಟಿಯ ಕಟ್ಟುಪಾಡು. ಬೇಲಿ ಕಟ್ಟಿದ ಮುಳ್ಳಿನಲ್ಲಿ ಅರ್ಧ ನೆಲದ ಮೇಲೇ ಇತ್ತು. ಕುಂಟುತ್ತ ಒಳಗೆ ಹೋಗಿ ಬುಟ್ಟಿಯಿಂದ ಸಿರಿಂಜು ತೆಗೆದೆ. ತಲೆಯೆತ್ತಿ ನೋಡಿದರೆ ಹಟ್ಟಿಯಲ್ಲಿ ಒಬ್ಬ ಗಂಡಸೂ ಇರಲಿಲ್ಲ. ತುರ್ತುಪರಿಸ್ಥಿತಿ, ಸಂತಾನಹರಣ ಆಪರೇಷನ್ನಿನ ಕ್ಯಾಂಪುಗಳಿಗೆ ಜನರನ್ನು ಹಿಡಿದು ಒಯ್ಯುತ್ತಿದ್ದ ಕಾಲ. ಸೂಜಿ ಕಂಡವರು ಹಿಂದಿನ ಗುಡ್ಡ ಹತ್ತಿದ್ದರು. ಕಾಟಲಿಂಗಪ್ಪ ಮಾತ್ರ ವಯಸ್ಸಾಗಿದ್ದರಿಂದ ಧೈರ್ಯವಾಗಿ ಕೂತಿದ್ದ.

"ಮನುಷ್ಯರಿಗಲ್ಲ ಯಜಮಾನ್ರೇ, ಕುರಿಗೆ" ಎಂದೆ.

"ಓ. ಈಗ ಕುರಿಗೂ ಬಂತಾ" ಎಂದು ಆತ ಬೇಸರದಿಂದ ಹೇಳಿದ.

ಮಾವ ಒಪ್ಪಿಸಿದರು. ಕುರಿ ಅವರದೇ, ಅವರಲ್ಲೇ ಇರುತ್ತದೆ. ನಾನು ಹದಿನೈದು ದಿನಕ್ಕೊಮ್ಮೆ ಬಂದು ಸೂಜಿ ಚುಚ್ಚುವುದು, ಆಮೇಲೆ ವಾರಕ್ಕೊಮ್ಮೆ ಸ್ವಲ್ಪ ರಕ್ತ ತೆಗೆಯುವುದು. ಗಟ್ಟಿಮುಟ್ಟಾದ ಒಂದು ಹೆಣ್ಣು ಕುರಿಯನ್ನು ಆರಿಸಿದೆ. ಗುರುತಿಗೆ ಕಿವಿಗೆ ನಂಬರ್ ಹಾಕುತ್ತೇನೆ ಎಂದರೆ ಬಿಡಲಿಲ್ಲ. ಕಿವಿಯ ಮೇಲಿನ ಕತ್ತರಿ ಗುರುತು ಅವರ ಮನೆತನದ್ದು, ಅಲ್ಲಿ ಬೇರೆಯವರು ಕೈ ಹಾಕುವಂತಿಲ್ಲ. ಹಾಗಾಗಿ ನಮ್ಮ ಪ್ರಾಣಿಶಾಲೆಯ ಲೆಕ್ಕದಂತೆ ಏಳು ಎಂದು ಕೊರೆದ ಅಲ್ಯೂಮಿನಿಯಂ ಬಿಲ್ಲೆಯನ್ನು ಕೆಂಪು ದಾರಕ್ಕೆ ಪೋಣಿಸಿ ಕುತ್ತಿಗೆಗೆ ಕಟ್ಟಿದೆ. "ಈ ಬಿಲ್ಲೆ ಇರೋ ಕುರಿಗೇ ಸೂಜಿ, ನೆನಪಿರಲಿ" ಎಂದೆ. ಕಾಟಲಿಂಗಪ್ಪನ ಹೆಂಡತಿ ಗಂಗಕ್ಕ, ಐವತ್ತೈದರ ಗಟ್ಟಿ ಹೆಂಗಸು, ಕುರಿಯ ತಲೆ ಹಿಡಿದು ನಿಂತಿದ್ದವಳು, "ಆತು ಬಿಡವ್ವ, ಬಿಲ್ಲೆ ಇರೋದಕ್ಕೇ" ಎಂದಳು.

ಯಾಕೆ ಏನು ಎಂದು ಅವಳು ಕೇಳಿದಳು. "ಔಷಧಿ ಮಾಡೋಕೆ" ಎಂದೆ. ಮಿಕ್ಕಿದ್ದನ್ನು ಹೇಳಿ ಉಪಯೋಗವೇನು, ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದುಕೊಂಡೆ. ಹೀಗೆ ಅಂದುಕೊಂಡಿದ್ದು ನಿಜ, ಮುಚ್ಚಿಡುವುದಿಲ್ಲ.

ಆ ಓಡಾಟದ ಸುಖವನ್ನು ಏನೆಂದು ಹೇಳಲಿ. ಹೃದಯದ ಆಪರೇಷನ್ ಮಾಡುವಾಗ ಮಕ್ಕಳ ಎದೆಯಿಂದ ತೆಗೆದು ಬಿಸಾಡುವ ಥೈಮಸ್ ಎಂಬ ತುಣುಕಿನಲ್ಲಿ ಟಿ ಕಣಗಳು ತುಂಬಿರುತ್ತವೆ. ಅದಕ್ಕಾಗಿ ಆಸ್ಪತ್ರೆಯ ಬಾಗಿಲಲ್ಲಿ ದಿನಗಟ್ಟಲೆ ಕಾಯಬೇಕು. ಸಿಕ್ಕಿದ್ದನ್ನು ಅರೆದು, ತೊಳೆದು, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟುಕೊಂಡು ಬಸ್ಸು ಹತ್ತಬೇಕು. ತುಮಕೂರು ದಾಟುವಷ್ಟರಲ್ಲಿ ಪಕ್ಕದವರಿಗೆ ಫ್ಲಾಸ್ಕಿನಲ್ಲಿ ಕಾಫಿ ಇದೆ ಎಂಬ ಅನುಮಾನ ಬರುತ್ತದೆ. ಶಿರಾ ಬರುವಷ್ಟರಲ್ಲಿ ಒಬ್ಬರು ಬಾಯಿ ಬಿಟ್ಟು ಕೇಳುತ್ತಾರೆ. ಐಸ್ ಅಂದರೆ ಮಗುವಿಗೆ ಒಂದು ಚೂರು ಕೊಡಿ ಅನ್ನುತ್ತಾರೆ. ಕೊಡುವುದಿಲ್ಲ ಅಂದರೆ ಹಿರಿಯೂರಿನ ತನಕ ನನ್ನ ಕಲ್ಲೆದೆಯ ಬಗ್ಗೆ ಇಡೀ ಬಸ್ಸು ಮಾತಾಡುತ್ತದೆ. ವಾಪಸು ಬರುವಾಗ ರಕ್ತದ ಬಾಟಲಿ. ಹಿರಿಯೂರಿನ ಮಾವನ ಮನೆಯಲ್ಲಿ ನಮ್ಮತ್ತೆ ಬಸಮ್ಮ, "ಕೊರಳಾಗೆ ಲಿಂಗ ಕಟ್ಕಂಡು ಇದೇನವ್ವ ನಿನ್ನ ಕಸುಬು" ಎಂದು ಬಾಟಲಿಯನ್ನು ಹೊಸ್ತಿಲು ದಾಟಿಸಲು ಬಿಡುತ್ತಿರಲಿಲ್ಲ. ಅದು ತಿಳಿಗಟ್ಟುವವರೆಗೆ ಜಗಲಿಯ ಮೇಲೆ ನಾಯಿ ಬರದಂತೆ ಕಾಯುತ್ತ ನಾನೂ ಹೊರಗೇ ಕೂರುತ್ತಿದ್ದೆ.

ನವೆಂಬರ್ ಕೊನೆಗೆ ಐದು ಇಂಜೆಕ್ಷನ್ ಮುಗಿದವು. ಡಿಸೆಂಬರಿನಲ್ಲಿ ರಕ್ತ ತೆಗೆಯಲು ಶುರು ಮಾಡಿದೆ. ಮೊದಲ ವಾರದ ರಕ್ತದಲ್ಲಿ ಏನೂ ಇರಲಿಲ್ಲ. ಒಂದೇ ಒಂದು ಕಣ ನೀಲಿಯಾಗಲಿಲ್ಲ. ಎರಡನೇ ವಾರವೂ ಅಷ್ಟೆ. ಮೂರನೇ ವಾರ ಕಂಡೂ ಕಾಣದಷ್ಟು ನೀಲಿ. ಪ್ರೊಫೆಸರ್ ನನ್ನ ನೋಟ್‌ಬುಕ್ಕನ್ನು ಮೂಗಿನ ತುದಿಗಿಳಿಸಿದ ಕನ್ನಡಕದಿಂದ ನೋಡಿ, "ಐದು ಸಲ ಚುಚ್ಚಿದ ಕುರಿಯಲ್ಲಿ ಏನೂ ಇಲ್ಲ ಅಂದರೆ ತಪ್ಪು ಕುರಿಯದಲ್ಲ, ನಿಮ್ಮ ಕೈಯದು" ಎಂದರು. ಪಿಪೆಟ್ಟು ಬದಲಿಸಿದೆ, ನೀರು ಬದಲಿಸಿದೆ, ಎಲ್ಲ ಗಾಜನ್ನೂ ಮೂರು ಸಲ ಕುದಿಸಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕೊನೆಗೆ ನನ್ನ ಕೈಗಳ ಮೇಲೆ ನನಗೇ ನಂಬಿಕೆ ಹೋಯಿತು.

ನಾಲ್ಕನೇ ವಾರದ ರಕ್ತ, ಡಿಸೆಂಬರ್ ಇಪ್ಪತ್ತಾರರದ್ದು. ಆರೋಗ್ಯವಂತರೊಬ್ಬರ ಕಣಗಳಿಗೆ ಬೆರೆಸಿ, ಬಣ್ಣ ಹಾಕಿ ನೋಡಿದೆ. ನೂರರಲ್ಲಿ ಎಪ್ಪತ್ತು ಕಣ ನೀಲಿ. ಪುಸ್ತಕದಲ್ಲಿ ಟಿ ಕಣ ಎಷ್ಟಿರಬೇಕೆಂದಿತ್ತೋ ಅಷ್ಟೇ. ಇನ್ನೊಬ್ಬರ ರಕ್ತದಲ್ಲಿ ನೋಡಿದೆ, ಅಷ್ಟೇ. ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟೆ. ಪ್ರೊಫೆಸರ್ ಅವತ್ತು ನನ್ನನ್ನು ಮೊದಲ ಸಲ ಕೂರಿಸಿ ಟೀ ತರಿಸಿದರು. ಆದರೆ ತೊಳೆದು ಸೋಸಿ ಬೇಡದ ಪ್ರತಿಕಾಯಗಳನ್ನೆಲ್ಲ ತೆಗೆದ ಮೇಲೆ ಉಳಿದದ್ದು ನಾಲ್ಕು ಮಿಲಿಲೀಟರ್, ಅದೂ ಪರೀಕ್ಷೆಗಳಲ್ಲೇ ಖರ್ಚಾಯಿತು. ಹನ್ನೆರಡು ಮಕ್ಕಳಿಗೆ ಕಡಿಮೆಯೆಂದರೂ ನಲವತ್ತು ಬೇಕು.

"ಇನ್ನು ಲೋಟದಲ್ಲಿ ತರುವ ಆಟ ಬೇಡ" ಎಂದರು ಪ್ರೊಫೆಸರ್. "ಈ ಸಲ ಪೂರ್ತಿ ತೆಗೆದುಬಿಡಿ. ಒಂದು ತೊಟ್ಟೂ ಬಿಡಬೇಡಿ. ಕುರಿಯ ಬೆಲೆ ಕೊಟ್ಟರಾಯಿತು, ಹೇಗೂ ಕಟುಕರಿಗೆ ಮಾರುವವರೇ ಅಲ್ಲವೇ."

ಸಂಶೋಧನೆಯಲ್ಲಿ ಹಾಗೆ ಮಾಡುವುದಿತ್ತು, ನನಗೂ ತಪ್ಪೆನಿಸಲಿಲ್ಲ. ನಾಲ್ಕು ದೊಡ್ಡ ಬಾಟಲಿಗಳನ್ನು ಹೊತ್ತುಕೊಂಡು ಜನವರಿ ಒಂಬತ್ತಕ್ಕೆ ಹಟ್ಟಿಗೆ ಹೋದೆ. ಹಟ್ಟಿಯವರಿಗೆ ಹೇಳಿರಲಿಲ್ಲ. ಮೊದಲು ರಕ್ತ ತೆಗೆಯೋಣ, ಆಮೇಲೆ ಮಾವನ ಕೈಲಿ ಹೇಳಿಸೋಣ ಎಂಬುದು ನನ್ನ ಲೆಕ್ಕಾಚಾರ. ಕಾಟಲಿಂಗಪ್ಪ ಕುರಿಯನ್ನು ಎಳೆದು ತಂದ. ಕುತ್ತಿಗೆಯಲ್ಲಿ ಕೆಂಪು ದಾರ, ಏಳನೇ ನಂಬರಿನ ಬಿಲ್ಲೆ. ತಲೆಯ ಮೇಲೆ ಸುರುಳಿ ಕೊಂಬು. ಕೆಳಗೆ ಬಗ್ಗಿ ನೋಡಿದೆ, ಅನುಮಾನವೇ ಇಲ್ಲ.

"ಇದು ಟಗರು" ಎಂದೆ.

"ಹೌದು" ಎಂದ ಕಾಟಲಿಂಗಪ್ಪ. "ಬರೀ ಹೆಣ್ಣೇ ಹೊರಬೇಕಾ, ಇದೂ ಪಾಳಿಗೆ ಸೇರ್ಲಿ ಅಂದ್ಲು ನಮ್ಮಾಕೆ."

"ಯಾವ ಪಾಳಿ?"

ಆಗ ಹೊರಬಿತ್ತು. ಆ ಹಟ್ಟಿಯಲ್ಲಿ ಎಲ್ಲಕ್ಕೂ ಪಾಳಿ. ತೋಳ ಬರದಂತೆ ಕುರಿರೊಪ್ಪ ಕಾಯುವುದಕ್ಕೆ ಪಾಳಿ, ಬಾವಿ ನೀರಿಗೆ ಪಾಳಿ, ದೇವರ ಗುಡಿ ಗುಡಿಸುವುದಕ್ಕೆ ಪಾಳಿ. ಕಷ್ಟ ಒಬ್ಬರ ಮೇಲೇ ಬೀಳಬಾರದು. ಒಂದೇ ಕುರಿ ಎಲ್ಲ ಸೂಜಿಯನ್ನೂ ತಿನ್ನುವುದು ಯಾವ ನ್ಯಾಯ ಎಂದು ಮೊದಲ ದಿನವೇ ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ನಾಲ್ಕು ಕುರಿಗಳನ್ನು ಗೊತ್ತು ಮಾಡಿ, ನಾನು ಬರುವ ದಿನ ಬೆಳಿಗ್ಗೆ ಯಾವುದರ ಸರದಿಯೋ ಅದರ ಕುತ್ತಿಗೆಗೆ ಬಿಲ್ಲೆ ಕಟ್ಟುತ್ತಿದ್ದರು. ಈಗ ಸೂಜಿ ಮುಗಿಯುವ ಹಾಗೆ ಕಾಣದ್ದರಿಂದ ಟಗರುಗಳನ್ನೂ ಸೇರಿಸಿ ಪಾಳಿಯನ್ನು ನಲವತ್ತಕ್ಕೆ ಏರಿಸಿದ್ದರು.

ನಾನು ಬೈದೆ. ಹೇಗೆ ಬೈದೆನೆಂದರೆ, ಗುಡ್ಡದಿಂದ ಇಳಿದಿದ್ದ ಗಂಡಸರು ಮತ್ತೆ ಗುಡ್ಡದ ಕಡೆ ನೋಡಿದರು. ಮೂರು ತಿಂಗಳು, ಒಂಬತ್ತು ಸಲದ ಬಸ್ಸು, ನಾನು ನಂಬಿಕೆ ಕಳೆದುಕೊಂಡ ನನ್ನ ಎರಡು ಕೈ.

"ಬಿಲ್ಲೆ ಇರೋದಕ್ಕೇ ಅಂದಿದ್ರಿ" ಎಂದಳು ಗಂಗಕ್ಕ, ನನ್ನ ಬೈಗುಳ ನಿಂತ ಮೇಲೆ. "ಬಿಲ್ಲೆ ಇದ್ದದ್ದಕ್ಕೇ ಹಾಕ್ಸಿದೀವಿ. ಒಂದಿನಾನೂ ತಪ್ಪಿಲ್ಲ."

ತಲೆ ಚಚ್ಚಿಕೊಳ್ಳುತ್ತ ರೊಪ್ಪದ ಕಲ್ಲಿನ ಮೇಲೆ ಕೂತೆ. ಎಲ್ಲ ಮುಗಿಯಿತು ಅನ್ನಿಸಿತು. ಆಗ ನಾಲ್ಕನೇ ವಾರದ ರಕ್ತದ ನೆನಪಾಯಿತು. ಅದು ಸುಳ್ಳಲ್ಲವಲ್ಲ.

"ಯಾವ ಯಾವ ದಿನ ಯಾವ ಕುರಿ ಅಂತ ನೆನಪೈತಾ?" ಎಂದು ಕೇಳಿದೆ. ಸಿಟ್ಟಿನಲ್ಲಿ ನನ್ನ ಬಾಯಿಗೂ ಊರಿನ ಮಾತು ಬಂದಿತ್ತು.

ಗಂಗಕ್ಕನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಬೆರಳು ಮಡಚದೆ ಹೇಳಿದಳು. ಮೊದಲ ಸೂಜಿ ನೀವು ಆರಿಸಿದ್ದಕ್ಕೆ, ಅದು ಬೋಳಿ. ಎರಡನೇದು ಚುಕ್ಕಿ, ಮೂರನೇದು ಕರಕಿ, ನಾಲ್ಕನೇದು ಮೊಂಡಿ. ಐದನೇದು ಮತ್ತೆ ಬೋಳಿ. ಆಮೇಲೆ ರಕ್ತ ಕೊಟ್ಟದ್ದು ಚುಕ್ಕಿ, ಕರಕಿ, ಮೊಂಡಿ, ಕಡೇಗೆ ಬೋಳಿ. ನನ್ನ ಕಣ್ಣಿಗೆ ನಾಲ್ಕೂ ಒಂದೇ ಕರಿ ಕುರಿ, ನಾನು ನೋಡುತ್ತಿದ್ದದ್ದು ಬಿಲ್ಲೆಯನ್ನು ಮಾತ್ರ. ನಾನು ನೋಟ್‌ಬುಕ್ ತೆಗೆದು ಹೋಲಿಸಿದೆ. ಎರಡು ಸಲ ಸೂಜಿ ಬಿದ್ದ ಬೋಳಿಯ ರಕ್ತದಲ್ಲಿ ಪ್ರತಿಕಾಯ, ಒಂದೇ ಸಲ ಬಿದ್ದವುಗಳಲ್ಲಿ ಇಲ್ಲ. ಅಷ್ಟು ಸರಳ. ಒಂದು ತಿಂಗಳಿಂದ ಗಾಜು ಕುದಿಸುತ್ತಿದ್ದೆನಲ್ಲ ಎಂದು ಮೈ ಉರಿಯಿತು.

"ಬೋಳಿನ ಹಿಡ್ಕಂಡು ಬರ್ರಿ" ಎಂದೆ.

"ಅದರ ಪಾಳಿ ಮುಗೀತಲ್ಲ ಡಾಕ್ಟ್ರಮ್ಮ" ಎಂದ ಕಾಟಲಿಂಗಪ್ಪ. "ಇನ್ನ ನಲವತ್ತು ಆದ್ಮೇಲೆ."

ವಾರಕ್ಕೊಂದರಂತೆ ನಲವತ್ತು ವಾರ. ನನಗಿದ್ದದ್ದು ಹನ್ನೊಂದು. ಬೇಡಿಕೊಂಡೆ, ಮಾವನ ಹೆಸರು ಹೇಳಿದೆ, ಸರ್ಕಾರದ ಹೆಸರು ಹೇಳಿದೆ. ಸರ್ಕಾರದ ಹೆಸರು ಹೇಳಬಾರದಿತ್ತು. ಮುದುಕ ಎದ್ದು ಟಗರಿನ ಕುತ್ತಿಗೆಯ ದಾರ ಬಿಚ್ಚಿ ನನ್ನ ಬುಟ್ಟಿಗೆ ಹಾಕಿ, ಕುರಿ ಬಿಡುವ ಹೊತ್ತಾಯಿತು ಎಂದು ಹೊರಟುಬಿಟ್ಟ.

ಗಂಗಕ್ಕ ಹೋಗಲಿಲ್ಲ. ಒಂದು ಲೋಟ ಮಜ್ಜಿಗೆ ತಂದುಕೊಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. "ಕುಂತ್ಕಳ್ರಿ, ಕುಡೀರಿ. ಬೋಳೀನೇ ಯಾಕೆ ಬೇಕು, ಅದನ್ನಾದ್ರೂ ಹೇಳ್ರಿ."

ಹೇಳಿದೆ. ಬೇರೆ ದಾರಿಯಿಲ್ಲದ್ದಕ್ಕೆ ಹೇಳಿದೆ, ದೊಡ್ಡಗುಣದಿಂದಲ್ಲ. ರಕ್ತದಲ್ಲಿ ಎರಡು ಜಾತಿಯ ಕಾವಲುಗಾರರಿದ್ದಾರೆ, ನೋಡಲು ಒಂದೇ ಥರ, ನಮಗೆ ಗುರುತು ಸಿಗುವುದಿಲ್ಲ. ಒಂದು ಜಾತಿಯನ್ನು ಕುರಿಗೆ ಎರಡು ಮೂರು ಸಲ ತೋರಿಸಿದರೆ ಅದರ ರಕ್ತ ಆ ಜಾತಿಯನ್ನು ಎಲ್ಲಿದ್ದರೂ ಹಿಡಿಯುತ್ತದೆ. ಒಂದೇ ಸಲ ನೋಡಿದ ಕುರಿಗೆ ನೆನಪು ನಿಲ್ಲುವುದಿಲ್ಲ. ಕಾಯಿಲೆಯ ಮಕ್ಕಳ ವಿಷಯವನ್ನೂ ಹೇಳಿದೆ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು.

"ಅಂದ್ರೆ, ನಿಮಗೆ ನಮ್ಮ ಕುರಿ ಎಲ್ಲಾ ಒಂದೇ ಥರ ಕಾಣ್ತವಲ್ಲ, ಹಂಗೆ" ಎಂದಳು. "ದಿನಾ ನೋಡಿದೋರಿಗೆ ಗುರ್ತು ಸಿಕ್ತೈತೆ. ಬೋಳಿ ಎರಡು ಸಲ ನೋಡೈತೆ, ಅದಕ್ಕೆ ಗುರ್ತು ಐತೆ. ಅಷ್ಟೇ ತಾನೆ?"

ಅಷ್ಟೇ. ನಾನು ಎರಡು ವರ್ಷ ಓದಿದ್ದು ಅಷ್ಟೇ.

"ಇಷ್ಟನ್ನ ಅವತ್ತೇ ಹೇಳಿದ್ರೆ ಬೋಳಿಗೇ ಐದೂ ಹಾಕ್ಸಿ, ಸೂಜಿ ಬದಲು ಅದಕ್ಕೆ ಬೇರೆ ಪಾಳಿ ತಪ್ಪಿಸ್ತಿದ್ವಿ. ಮುಖ ನೋಡಿ ಗುರ್ತು ಹಿಡಿಯೋರ ತಾವ ಬಂದು ಗುರ್ತಿಗೆ ದಾರ ಕಟ್ಟಿದ್ರಲ್ಲವ್ವ."

ಅವಳು ಬೈಯಲಿಲ್ಲ, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆ.

ಅವಳೇ ದಾರಿ ತೆಗೆದಳು. ಹಟ್ಟಿಯಲ್ಲಿ ಒಬ್ಬ ಇತರರ ಪಾಳಿಯನ್ನೂ ಹೊತ್ತರೆ ಅವನಿಗೆ ಬೇರೆ ಯಾವುದಾದರೂ ಭಾರ ಇಳಿಸಬೇಕು, ಅದು ಪದ್ಧತಿ. ಬೋಳಿ ಈಗ ಪಾಳಿ ತಪ್ಪಿ ಇನ್ನೊಮ್ಮೆ ಕೊಡಬೇಕೆಂದರೆ, ಅದಕ್ಕೂ ಒಂದು ಭಾರ ಇಳಿಯಬೇಕು. "ಇನ್ನು ಇದನ್ನ ಮಾರಂಗಿಲ್ಲ, ಕಡಿಯಂಗಿಲ್ಲ. ಮುದುಕಿಯಾಗಿ ತಾನೇ ಸಾಯ್ಬೇಕು. ನಮ್ಮ ಕಡೆಯಿಂದ ನಾನು ಮಾತು ಕೊಡ್ತೀನಿ. ನಿಮ್ಮ ಕಡೆಯಿಂದ ನೀವು ಕೊಡ್ರಿ. ಒಂದ್ಸಲ, ಅದು ತಡಕಳ್ಳೋ ಅಷ್ಟು. ಆಮೇಲೆ ಇದರ ತಂಟೆಗೆ ಬರಬಾರದು."

ಬುಟ್ಟಿಯಲ್ಲಿ ನಾಲ್ಕು ಬಾಟಲಿಗಳಿದ್ದವು. ನಾನು ಅವಳ ಕೈಮೇಲೆ ಕೈ ಇಟ್ಟು ಮಾತು ಕೊಟ್ಟೆ. ನಿಜ ಹೇಳಬೇಕೆಂದರೆ, ಕೊಡುವಾಗ ಉಳಿಸಿಕೊಳ್ಳುತ್ತೇನೆಂಬ ಖಾತ್ರಿ ನನಗಿರಲಿಲ್ಲ.

ಬೋಳಿಯನ್ನು ತಂದಳು. ಗಂಡನನ್ನು ಕೂಗಿ ಕಾಲು ಹಿಡಿಸಿದಳು, ತಾನು ತಲೆ ಹಿಡಿದಳು. ಸೂಜಿ ಚುಚ್ಚಿದ ತಕ್ಷಣ ರಕ್ತ ಚೆನ್ನಾಗಿ ಬಂತು. ಮೊದಲ ಬಾಟಲಿ ತುಂಬಿತು, ಮುನ್ನೂರು ಮಿಲಿಲೀಟರ್. ಮೂವತ್ತು ಕಿಲೋ ಕುರಿ ತಡೆದುಕೊಳ್ಳುವುದು ಅಷ್ಟನ್ನೇ. ರಕ್ತ ಇನ್ನೂ ಜೋರಾಗಿ ಬರುತ್ತಿತ್ತು. ಎರಡನೇ ಬಾಟಲಿ ಕೈಗೆಟುಕುವಂತಿತ್ತು. ಇನ್ನೊಂದು ಬಾಟಲಿ ತೆಗೆದರೆ ಅದು ಹೆಚ್ಚೆಂದು ಅವರಿಗೆ ತಿಳಿಯುವುದೂ ಇಲ್ಲ, ರಾತ್ರಿ ಕುರಿ ಮಲಗಿದರೆ ಮೇಲೇಳುವುದಿಲ್ಲ, ಅಷ್ಟೇ. ಹನ್ನೆರಡು ಮಕ್ಕಳ ಎಣಿಕೆ, ಪದವಿ, ಊರಲ್ಲಿ ಕಾದಿರುವ ಗಂಡು, ಎಲ್ಲ ತಲೆಯಲ್ಲಿ ಓಡಿದವು. ಗಂಗಕ್ಕ ಬಾಟಲಿಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಕುರಿಯ ಮುಖ ನೋಡಿ ಗುರುತಿಸುವವಳಿಗೆ ನನ್ನದು ಎಷ್ಟರ ಕಷ್ಟ. ಸೂಜಿ ಕಿತ್ತು ಹತ್ತಿ ಒತ್ತಿದೆ.

ಬೋಳಿ ಎದ್ದು ಮೈ ಕೊಡವಿ, ಮೇಯಲು ಹೋಯಿತು. ನನಗೆ ಅದರ ಮೇಲೂ ಸಿಟ್ಟು ಬಂತು.

ತೊಳೆದು ಸೋಸಿದ ಮೇಲೆ ಉಳಿದದ್ದು ಇಪ್ಪತ್ತನಾಲ್ಕು ಮಿಲಿಲೀಟರ್. ಪ್ರೊಫೆಸರ್ ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಹನ್ನೆರಡರಲ್ಲಿ ಏಳು ಮಕ್ಕಳನ್ನು ಮಾತ್ರ ಎಣಿಸಿದೆ. ಏಳೂ ಎಣಿಕೆಗಳು ಸರಿಯಾಗಿದ್ದವು. ಮಾರ್ಚ್ ಮೂವತ್ತೊಂದಕ್ಕೆ ಫೆಲೋಷಿಪ್ ನಿಂತಿತು. ಮರುವರ್ಷ ಪ್ರಬಂಧ ಸಲ್ಲಿಸಿದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು, ತಾಳ್ಮೆಯವರು. ಪುಟ ತಿರುಗಿಸುತ್ತ, "ಕೆಲಸ ಅಚ್ಚುಕಟ್ಟಾಗಿದೆ. ಆದರೆ ಏಳೇ ರೋಗಿಗಳು. ಸೀರಂ ಸಾಲಲಿಲ್ಲ ಎಂದು ಬರೆದಿದ್ದೀರಿ. ಕುರಿ ಸತ್ತುಹೋಯಿತೇ?" ಎಂದು ಕೇಳಿದರು.

"ಇಲ್ಲ ಸರ್, ಇದೆ."

"ಮತ್ತೆ ಯಾಕೆ ನಿಲ್ಲಿಸಿದಿರಿ?"

ನಮ್ಮ ಪ್ರೊಫೆಸರ್ ಕಿಟಕಿಯ ಕಡೆ ನೋಡತೊಡಗಿದರು. ಸಿದ್ಧ ಮಾಡಿಕೊಂಡಿದ್ದ ಉತ್ತರ ಬಿಟ್ಟು, "ಅಷ್ಟೇ ತೆಗೆಯಬೇಕು ಎಂದು ಗಂಗಕ್ಕ ಹೇಳಿದ್ದರು. ಯಾವ ಕುರಿ ಎಂದು ಕಂಡುಹಿಡಿದದ್ದೂ ಅವರೇ" ಎಂದೆ.

ಪರೀಕ್ಷಕರು ತಲೆಯಾಡಿಸಿ, ಪ್ರಬಂಧದ ಕೊನೆಗೆ ಹೋಗಿ, ಆಧಾರ ಗ್ರಂಥಗಳ ಪಟ್ಟಿಯಲ್ಲಿ ಬೆರಳಿಟ್ಟು ಆ ಹೆಸರನ್ನು ಹುಡುಕಿದರು. ಯಾವ ಸಂಸ್ಥೆಯ ವಿಜ್ಞಾನಿಯೋ ಎಂದುಕೊಂಡಿದ್ದರು. ಸಿಗಲಿಲ್ಲ. ಮುಂದಕ್ಕೆ ಬಂದು ಕೃತಜ್ಞತೆಯ ಪುಟ ತೆಗೆದರು. ಅಲ್ಲಿ ಪ್ರೊಫೆಸರ್ ಇದ್ದರು, ಪ್ರಾಣಿಶಾಲೆಯ ಸಿಬ್ಬಂದಿ ಇದ್ದರು, ಟೈಪ್ ಮಾಡಿದವರು ಇದ್ದರು. ರಕ್ತದ ಬಾಟಲಿಯನ್ನು ಒಳಗೆ ಬಿಡದಿದ್ದ ನಮ್ಮತ್ತೆಯೂ ಇದ್ದಳು.

"ಇಲ್ಲಿಯೂ ಇಲ್ಲವಲ್ಲಮ್ಮ" ಎಂದರು.

ಇರಲಿಲ್ಲ. ಅವಳನ್ನು ಬಿಡಬೇಕೆಂದು ಬಿಟ್ಟದ್ದಲ್ಲ, ಅವಳು ಅಲ್ಲಿ ಇರಬೇಕಾದವಳು ಎಂದು ನನಗೆ ಹೊಳೆದೇ ಇರಲಿಲ್ಲ. ಎದ್ದು ಹೋಗಿ ಮೇಜಿನ ಮೇಲಿದ್ದ ಪ್ರತಿಯನ್ನು ಅವರ ಕೈಯಿಂದಲೇ ತೆಗೆದುಕೊಂಡೆ, ಪೆನ್ನು ಕೇಳಿದೆ. ಬೈಂಡ್ ಆದ ಪ್ರಬಂಧದಲ್ಲಿ ಕೈಯಿಂದ ಬರೆಯುವ ಹಾಗಿಲ್ಲ ಎಂದು ನಮ್ಮ ಪ್ರೊಫೆಸರ್ ಹೇಳಿದರು. ಆಗ ಅವರ ಮೇಲೆ ಬರಬೇಕಾದ ಸಿಟ್ಟೂ ಬರಲಿಲ್ಲ, ಎಲ್ಲ ನನ್ನ ಮೇಲೇ ಖರ್ಚಾಗಿತ್ತು. ಅಲ್ಲಿದ್ದ ಐದೂ ಪ್ರತಿಗಳಲ್ಲಿ, ಎಲ್ಲರೂ ಕಾಯುತ್ತಿರುವಾಗ, ಎಲ್ಲ ಹೆಸರುಗಳಿಗಿಂತ ಮೇಲೆ ಒಂದು ಹೆಸರು ಬರೆದೆ.